ಮಾವಿನ ದಿಮ್ಮಿಯ ಸಂಕ

ನಾನು ಮೂಡುಬಿದಿರೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಬೆಳುವಾಯಿಯ ನಮ್ಮ ಮನೆಯಿಂದ ಬಸ್ಸಿನ ರಸ್ತೆಗೆ ಹೋಗಲು ಒಂದು ತೋಡು, ಅಂದರೆ ಸಣ್ಣ ಹಳ್ಳ, ದಾಟಬೇಕು. ಅದಕ್ಕೆ ಅಡ್ಡವಾಗಿ ಮಾವಿನ ಮರದ ಎರಡು ದಿಮ್ಮಿಗಳ ಕಾಲುಸಂಕವಿತ್ತು. ಎಂಟು ವರ್ಷ ದಿನಕ್ಕೆ ಎರಡು ಸಲ ಅದರ ಮೇಲೆ ನಡೆದಿದ್ದೇನೆ. ಒಂದು ದಿಮ್ಮಿಯ ಬದಿಯಲ್ಲಿ ಬೀಸಣಿಗೆಯಂಥ ತೆಳು ಅಣಬೆಗಳು ಸಾಲಾಗಿ ಎದ್ದಾಗ ಚೆಂದ ಕಂಡು ಫೋನಿನಲ್ಲಿ ಫೋಟೊ ತೆಗೆದಿದ್ದೆ.

ಡಿಸೆಂಬರಿನ ಒಂದು ಬೆಳಿಗ್ಗೆ ನಾನು ದಾಟುವಾಗ ಆ ದಿಮ್ಮಿ ಮುರಿಯಿತು. ದೊಡ್ಡ ಸದ್ದೇನೂ ಬರಲಿಲ್ಲ. ನೆನೆದ ರಟ್ಟು ಹರಿದಂತಾಯಿತು. ತೋಡಿನಲ್ಲಿ ನೀರು ಕಡಿಮೆಯಿತ್ತು, ಕಲ್ಲು ಹೆಚ್ಚಿತ್ತು. ಎಡಗಾಲಿನ ಮೂಳೆ ಮುರಿದು ಆರು ವಾರ ಪ್ಲಾಸ್ಟರಿನಲ್ಲಿ ಕಳೆದೆ.

ಮೂರನೆಯ ದಿನ ಸಂಕ ಹಾಕಿದ್ದ ಆಚಾರಿ ಬಂದರು. ಅರುವತ್ತು ದಾಟಿದ ಬಡಗಿ. ಎಲ್ಲರೊಡನೆ ತುಳುವಿನಲ್ಲಿ ಮಾತಾಡುವವರು, ನನ್ನೊಡನೆ ಮಾತ್ರ ಕನ್ನಡ. ಮುರಿದ ದಿಮ್ಮಿಯ ತುಂಡೊಂದನ್ನು ಗೋಣಿಯಿಂದ ತೆಗೆದು ಜಗಲಿಯಲ್ಲಿಟ್ಟರು.

"ಪ್ರತಿ ವರ್ಷ ಬಡಿದು ನೋಡ್ತೇನೆ ಟೀಚರೇ. ಈ ಸಲ ನೋಡ್ಲಿಲ್ಲ. ಗೆದ್ದಲು ಅಂತ ಗ್ರಹಿಸಿದ್ದೆ, ಆದ್ರೆ ಒಂದು ತೂತೂ ಇಲ್ಲ."

ತುಂಡನ್ನು ಎತ್ತಿದೆ. ಹಗುರವಾಗಿತ್ತು. ಒಳಭಾಗ ಬಿಳಿಚಿಕೊಂಡು ಎಳೆ ಎಳೆಯಾಗಿ ಕಿತ್ತು ಬರುತ್ತಿತ್ತು.

"ಇದು ಅಣಬೆ ತಿಂದದ್ದು," ಎಂದೆ.

"ಅಣಬೆಗೆ ಹಲ್ಲು ಉಂಟಾ?"

ವಿವರಿಸಿದೆ. ಮರದ ಬಿಳಿ ನಾರನ್ನು ಬಿಗಿದು ಗಟ್ಟಿ ಮಾಡುವುದು ಲಿಗ್ನಿನ್ ಎಂಬ ಕಂದು ವಸ್ತು. ಅಣಬೆಯ ಎಳೆಗಳು ಅದನ್ನು ಒಡೆಯಲು ಕಿಣ್ವಗಳನ್ನು ಹೊರಬಿಡುತ್ತವೆ. ಆದರೆ ಕಿಣ್ವಗಳು ಗಾತ್ರದಲ್ಲಿ ದೊಡ್ಡವು, ಗಟ್ಟಿ ಮರದೊಳಗೆ ನುಗ್ಗಲಾರವು. ಹಾಗಾಗಿ ಅವುಗಳಲ್ಲೊಂದು, ಅಣಬೆಯೇ ತಯಾರಿಸಿದ ಹೈಡ್ರೋಜನ್ ಪೆರಾಕ್ಸೈಡಿನ ಬಲದಿಂದ, ಮರದಲ್ಲಿರುವ ಮ್ಯಾಂಗನೀಸಿನಿಂದ ಒಂದು ಎಲೆಕ್ಟ್ರಾನನ್ನು ಕಸಿಯುತ್ತದೆ. ಎಲೆಕ್ಟ್ರಾನ್ ಕಳೆದುಕೊಂಡ ಮ್ಯಾಂಗನೀಸ್ ಸಣ್ಣದು. ಅದು ಒಳಗಿಳಿದು ಲಿಗ್ನಿನ್ನಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ನೆಲೆ ತಪ್ಪಿದ ಲಿಗ್ನಿನ್ನಿನ ಕೊಂಡಿಗಳು ಒಂದೊಂದಾಗಿ ಕಳಚುತ್ತವೆ.

ಆಚಾರಿ ಒಂದು ಎಳೆಯನ್ನು ಬೆರಳಲ್ಲಿ ತಿರುವಿದರು. "ಅಂದ್ರೆ ಅಂಟು ಬಿಡಿಸುವುದು. ನಾರು ಅಲ್ಲೇ ಇರ್ತದೆ."

ನನ್ನ ವಿದ್ಯಾರ್ಥಿಗಳು ಇಷ್ಟು ಬೇಗ ಹಿಡಿಯುವುದಿಲ್ಲ. ಆಗ ಫೋನು ತೆಗೆದು ಫೋಟೊ ತೋರಿಸಿದೆ.

"ಯಾವಾಗದ್ದು ಇದು?"

"ಹೋದ ವರ್ಷದ್ದು. ನನಗೆ ಗೊತ್ತಾಗಬೇಕಿತ್ತು."

ಅವರು ತುಸು ಹೊತ್ತು ನೋಡಿ ಫೋನು ಹಿಂದಕ್ಕೆ ಕೊಟ್ಟರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ಅಣಬೆಗೆ ನೀರಿನ ಪಸೆ ಬೇಕಾ?" ಎಂದು ಕೇಳಿದರು.

"ಬೇಕು. ಗಾಳಿಯೂ ಬೇಕು."

"ಹಾಗಾದ್ರೆ ಈ ಸಲ ತುದಿ ಮಣ್ಣಿಗೆ ತಾಗುವುದು ಬೇಡ. ಕಲ್ಲಿನ ಮೇಲೆ ಕೂರಿಸುವ."

ಹಲಸಿನ ಮರದ ಗಟ್ಟಿ ತಿರುಳಿನ ದಿಮ್ಮಿಗಳನ್ನು ತಂದು, ಎರಡೂ ದಡದಲ್ಲಿ ಕೆಂಪು ಕಲ್ಲು ಕಟ್ಟಿ, ಅವರು ಹೊಸ ಸಂಕ ಹಾಕಿದರು. ಪ್ಲಾಸ್ಟರು ಬಿಚ್ಚಿದ ವಾರ ನಾನು ಅದರ ಮೇಲೆ ಕಾಲಿಟ್ಟಾಗ ಆಚಾರಿ ಆಚೆ ದಡದಲ್ಲಿ ನಿಂತಿದ್ದರು. ನಡುವೆ ಬಂದು ನಿಂತುಬಿಟ್ಟೆ.

"ಬನ್ನಿ ಟೀಚರೇ, ಗಟ್ಟಿ ಉಂಟು."

ದಾಟಿದೆ. ಅಷ್ಟರಲ್ಲಿ ಬಸ್ಸು ಹೋಗಿತ್ತು. ಮುಂದಿನದು ಬರುವವರೆಗೆ ಇಬ್ಬರೂ ರಸ್ತೆ ಬದಿಯಲ್ಲಿ ಕೂತು ಬೇರೆ ಏನೇನೋ ಮಾತಾಡಿದೆವು.