ಕೊಟ್ರೇಶನ ಮಿಲಿಟರಿ ಲಾರಿಯ ಗುರುತು

ಗೆಳೆಯರೇ, ಕೊಟ್ಟೂರಿನ ಹತ್ತಿ ವ್ಯಾಪಾರಿ, ನನ್ನ ಗೆಳೆಯ ಕೊಟ್ರೇಶ ಇವತ್ತು ತನ್ನ ಹಳೆಯ ಮಿಲಿಟರಿ ಲಾರಿಯ ಮುಂದೆ ನಮ್ಮನ್ನೆಲ್ಲ ಸೇರಿಸಿದ್ದ. ಹಳೆ ವಾಹನಗಳ ಮೆರವಣಿಗೆಗೆ ಅದನ್ನು ಒಯ್ಯುವ ಆಸೆ ಅವನಿಗೆ. ಅದು ಯುದ್ಧ ಮಾಡಿದ ಪಲ್ಟನ್ನಿನ ಗಾಡಿಯೆಂದೇ ನಂಬಿದ್ದ. ಸೈನ್ಯದಿಂದ ನಿವೃತ್ತರಾದ ಅವನ ಸೋದರಮಾವ ಸೀಮೆಎಣ್ಣೆಯ ಬಟ್ಟೆಯಿಂದ ಬಂಪರನ್ನು ಮೆಲ್ಲಗೆ ಉಜ್ಜಿದರು. ಬಣ್ಣದಡಿಯಿಂದ, ಗಾಡಿ ಸೈನ್ಯದ ಯಾವ ದಳದ್ದೆಂದು ತಿಳಿಸುವ ಗುರುತು ಮೂಡಿತು.

“ಇದು ರೇಷನ್ ಸಾಗಸೋ ದಳದ ಗಾಡಿ,” ಎಂದರು ಮಾವ.

ಕೊಟ್ರೇಶನ ಮುಖ ಇಳಿಯಿತು. “ಮಾವ, ನಿಮ್ಮ ಪಲ್ಟನ್ ಗುರುತು ಬರಸ್ತೀನ್ರಿ. ನೀವು ಹೂಂ ಅಂದ್ರ ಯಾರು ಕೇಳ್ತಾರ?”

“ಲೇ, ಆ ಗುರುತಿನ ಗಾಡಿ ಹತ್ತಿದ ನನ್ನ ಗೆಳೆಯರು ಎಷ್ಟೋ ಮಂದಿ ತಿರುಗಿ ಬರಲಿಲ್ಲ. ಅದನ್ನ ಸುಳ್ಳು ಬರಸಬ್ಯಾಡ.” ಮಾವ ಬಂಪರಿನ ಮೇಲೆ ಕೈಯಿಟ್ಟರು. “ಗುಡ್ಡದ ಮ್ಯಾಲ ಹಸಕೊಂಡು ಕುಂತಾಗ ನಾವು ದಾರಿ ಕಾಯ್ತಿದ್ದದ್ದು ಇಂಥಾ ಗಾಡೀನ. ಇದಕ್ಕೇನು ಕಡಿಮಿ ಆಗೇತಿ?”

ಕೊಟ್ರೇಶ ತಾನೇ ಬ್ರಷ್ ಹಿಡಿದು ಆ ಮಾಸಿದ ಗುರುತಿಗೆ ಬಣ್ಣ ತುಂಬಿದ. ಸಂಜೆ ಚಹಾದಂಗಡಿಯಲ್ಲಿ, “ಇಡೀ ಸೈನ್ಯಕ್ಕ ಅನ್ನ ಹಾಕಿದ ಗಾಡಿ ನಂದು!” ಎನ್ನುತ್ತಿದ್ದ. ಅಷ್ಟು ಖಡಕ್ಕಾದ ಮಾವ ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದರೂ ಅದನ್ನು ಮಾತ್ರ ತಿದ್ದಲಿಲ್ಲ.