ಗಣಿತ ಒಂದೇ ಉಳಿದಿತ್ತು

ಗೌರಕ್ಕ ಇನ್ನು ಎಸ್ಸೆಸ್ಸೆಲ್ಸಿ ಪಾಸಾಗುವ ಮಾತೇ ಇಲ್ಲ ಎಂದವರು ಊರವರಲ್ಲ, ಮೇಷ್ಟರೂ ಅಲ್ಲ. ನಾನು — ಅವಳ ಸ್ವಂತ ತಮ್ಮ. ಸುಳ್ಳೆಂದು ಗೊತ್ತಿದ್ದೇ ಹೇಳಿದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಮ್ಮೂರು ಬಿ.ದುರ್ಗದಿಂದ ಹೋಗಿ ನಾವಿಬ್ಬರೂ ಹೊಳಲ್ಕೆರೆಯಲ್ಲಿ ಪರೀಕ್ಷೆ ಬರೆದಿದ್ದೆವು. ಗೌರಕ್ಕ ನನಗಿಂತ ದೊಡ್ಡವಳು. ಕುರಿಗಳ ಹಿಂದೆ ಅಲೆದು, ತಡವಾಗಿ ನನ್ನದೇ ತರಗತಿಗೆ ಬಂದು ಕೂತವಳು. ನಮ್ಮ ಮನೆಯಲ್ಲಿ ಅದುವರೆಗೆ ಎಲ್ಲರದೂ ಹೆಬ್ಬೆಟ್ಟು. ಅಪ್ಪ ಮೊದಲೇ ಹೇಳಿದ್ದ: "ಇಬ್ರೂ ಓದಾಕೆ ಹೋದ್ರೆ ಕುರಿ ನಿಮ್ಮಜ್ಜ ಎದ್ ಬಂದು ಕಾಯ್ತಾನೇನ್ರೋ? ಪಾಸಾದೋರು ಓದ್ಲಿ. ಇಬ್ರೂ ಪಾಸಾದ್ರೆ ಅಕ್ಕ ಮೊದ್ಲು. ಟೀಚರ್ ಟ್ರೈನಿಂಗು ಬೇಗ ಮುಗೀತೈತೆ."

ನಾನು ಪಾಸು. ಅವಳು ಗಣಿತವೊಂದರಲ್ಲಿ ಫೇಲು. ಅಂಕಪಟ್ಟಿ ತರಲು ಹೋದವನು ನಾನೊಬ್ಬನೇ. ಹೆಡ್‌ಮಾಸ್ತರು ಒಂದು ಫಾರಂ ಕೊಟ್ಟು, "ಗೌರಮ್ಮಂಗೆ ಹೇಳಪ್ಪ, ಅಕ್ಟೋಬರಿನಾಗೆ ಗಣಿತ ಒಂದೇ ಬರೀಲಿ, ಸಾಕು" ಎಂದರು. ಬಸ್‌ಸ್ಟ್ಯಾಂಡಿನಲ್ಲೇ ಆ ಫಾರಂ ಹರಿದೆ. ಚೂರುಗಳನ್ನು ಅಲ್ಲೇ ಬಿಸಾಡಿ ಊರಿನ ಬಸ್ಸು ಹತ್ತಿದೆ.

ನಮ್ಮ ಇಂಗ್ಲಿಷ್ ಮೇಷ್ಟರು ಆ ವರ್ಷ ತರಗತಿಯಲ್ಲಿ ಬೇರೆ ದೇಶಗಳ ಪರೀಕ್ಷೆಗಳ ಸುದ್ದಿ ತೆಗೆದಿದ್ದರು. ಇಂಗ್ಲೆಂಡಿನಲ್ಲಿ ಒಂದೊಂದು ವಿಷಯಕ್ಕೂ ಬೇರೆ ಬೇರೆ ಪಾಸಂತೆ. ಅಮೆರಿಕದಲ್ಲಿ ಬಹಳ ಕಡೆ ಓದಿದ ಶಾಲೆಯೇ ಸರ್ಟಿಫಿಕೇಟು ಕೊಡುತ್ತದಂತೆ. "ಹಂಗಾದ್ರೆ ಅಲ್ಲೇ ಹುಟ್ಬೇಕಿತ್ತು ಬಿಡ್ರಿ ಸಾರ್" ಎಂದು ಹಿಂದಿನ ಬೆಂಚು ನಕ್ಕಿತ್ತು. ಗೌರಕ್ಕ ನಗದೆ ಬರೆದುಕೊಂಡಿದ್ದಳು. ಅಂಕಪಟ್ಟಿ ನೋಡಿದವಳೇ ಮೇಷ್ಟರ ಆ ಮಾತನ್ನೇ ಹಿಡಿದು ಕೇಳಿದಳು:

"ಲೇ, ಗಣಿತ ಒಂದೇ ಬರಿಯಾಕೆ ನಮ್ಮಲ್ಲೂ ಬರ್ತೈತೇನೋ?"

"ಅದು ಇಂಗ್ಲೆಂಡಿನಾಗೆ ಅಕ್ಕ. ಇಲ್ಲಿ ಒಂದ್ರಾಗೆ ಹೋದ್ರೆ ಎಲ್ಲಾ ಹೋದಂಗೆ. ವರ್ಷವಿಡೀ ಮತ್ತೆ ಶಾಲೇಲಿ ಕುಂತು, ಎಲ್ಲಾನೂ ತಿರುಗಿ ಬರೀಬೇಕು."

ನಂಬಿದಳು. ಹೆಡ್‌ಮಾಸ್ತರ ಜೊತೆ ಮಾತಾಡಿ ಬಂದವನು ನಾನು — ಇನ್ಯಾರನ್ನು ಕೇಳಬೇಕಿತ್ತು? ಮರುವಾರ ಅಪ್ಪನ ಜೊತೆ ಹಿಂಡು ಹೊಡೆದುಕೊಂಡು ಹಿರಿಯೂರಿನ ಕಡೆ ಹೊರಟಳು. ನಾನು ಚಿತ್ರದುರ್ಗದ ಬಸ್ಸು ಹತ್ತಿದೆ.

ಬಿ.ಎ. ಸುಲಭಕ್ಕೆ ಸಿಗಲಿಲ್ಲ. ಎರಡು ಅಂಗಿಗಳಲ್ಲಿ, ಒಂದು ಹೊತ್ತಿನ ಊಟದಲ್ಲಿ ಓದಿದೆ. ಆ ಹೆಮ್ಮೆ ನನಗೆ ಈಗಲೂ ಇದೆ, ಮುಚ್ಚಿಡುವುದಿಲ್ಲ. ಆದರೆ ಪಟ್ಟ ಕಷ್ಟ ಮಾಡಿದ ತಪ್ಪಿಗೆ ಸಮಜಾಯಿಷಿಯಾಗದು. ಈ ಬರಹವನ್ನು ಮೊದಲು ಓದುವವಳು ಗೌರಕ್ಕನೇ — ಕೊಟ್ಟು, ಎದುರಿಗೇ ಕೂತಿರುತ್ತೇನೆ.

ಪದವಿಪತ್ರ ತಂದ ದಿನ ಅಪ್ಪನ ಮುಂದೆ ಹಿಡಿದೆ. "ನಂಗೇನು ತಿಳೀತೈತಪ್ಪ, ಅವಳ ಕೈಗೆ ಕೊಡು" ಎಂದ. ಗೌರಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡಳು. ಇಂಗ್ಲಿಷನ್ನು ಒಂದೊಂದೇ ಪದ ಕೂಡಿಸಿ, ಕೊನೆಯ ಸಾಲಿನವರೆಗೂ ಓದಿದಳು. ಆಮೇಲೆ ನಗುತ್ತ ಅಪ್ಪನ ಕಡೆ ತಿರುಗಿದಳು:

"ಇಬ್ರ ಓದೂ ಇವನೊಬ್ಬನೇ ಓದ್ಯಾನೆ ನೋಡಪ್ಪ."