ಕುರಿ ಲಸಿಕೆಯ ಡಬ್ಬಿಯಲ್ಲಿ ನನ್ನ ಇಂಜೆಕ್ಷನ್

ಹಿರಿಯೂರಿನಲ್ಲಿ ನನ್ನ ಹೆಂಡತಿ ಗಿರಿಜಳ ತಂಗಿಯ ಮಗುವಿಗೆ ನಾಮಕರಣ. ನೆಲದ ಮೇಲೆ ಪಂಕ್ತಿ ಹಾಕಿದ್ದರು. ಕೂರುವುದೇನೋ ಕೂತೆ. ಹೊಟ್ಟೆ ಬಿರಿಯ ಉಂಡೆ. ಏಳಲು ಆಗಲಿಲ್ಲ. ಬಲಗೈ ಎಂಜಲು, ಎಡಗೈ ಊರಿದರೆ ಮೊಣಕಾಲು ಮಾತು ಕೇಳಲಿಲ್ಲ. ಎದುರು ಸಾಲಿನ ಇಬ್ಬರು ಬಂದು ರಟ್ಟೆ ಹಿಡಿದು ಎತ್ತಿದರು. "ನಿಧಾನಕ್ಕೆ ಏಳ್ರಿ ಯಜಮಾನ್ರೆ," ಅಂದರು.

ನನಗೆ ನಲವತ್ತೇಳು ವರ್ಷ.

ಎತ್ತಿದವರಲ್ಲಿ ಒಬ್ಬರು ನನಗಿಂತ ಎಷ್ಟೋ ಹಿರಿಯರು ಎಂದು ಗಿರಿಜ ಬಸ್ಸಿನಲ್ಲಿ ನಕ್ಕು ಹೇಳಿದಳು. ನಾನೂ ನಕ್ಕೆ. ಒಳಗೆ ಮಾತ್ರ ಕುಗ್ಗಿಹೋಗಿದ್ದೆ.

ನಮ್ಮದು ಕುರಿ ಕಾಯುವ ಮನೆತನ. ಅಣ್ಣ ಈರಣ್ಣ ಇವತ್ತಿಗೂ ಕುರಿ ಹಿಂದೆ ನಡೆಯುತ್ತಾನೆ, ಮೈಮೇಲೆ ಹಿಡಿಯೋಣವೆಂದರೂ ಕೊಬ್ಬಿಲ್ಲ. ನಾನು ಓದಿ ಹೊಸದುರ್ಗದ ಬ್ಯಾಂಕೊಂದರಲ್ಲಿ ಕುರ್ಚಿ ಹಿಡಿದೆ. ನಾವು ಹುಟ್ಟಿ ಬೆಳೆದ ಹಟ್ಟಿಯ ಜನ ನನ್ನ ಹೊಟ್ಟೆಯನ್ನು ಸಂಬಳದ ಗುರುತೆಂದೇ ತಿಳಿದು ಹೆಮ್ಮೆಪಡುತ್ತಿದ್ದರು. ಅದನ್ನು ಇಳಿಸಬೇಕೆಂದು ನಾನು ಮುದ್ದೆ ಬಿಟ್ಟು ನೋಡಿದೆ, ಅನ್ನ ಬಿಟ್ಟು ನೋಡಿದೆ, ಬೆಳಿಗ್ಗೆ ವಾಕಿಂಗ್ ಹೋದೆ. ಇಳಿದಿದ್ದೆಲ್ಲ ಮದುವೆ ಸೀಸನ್ನಿನಲ್ಲಿ ಬಡ್ಡಿ ಸಮೇತ ವಾಪಸ್ ಬಂತು.

ಚಿತ್ರದುರ್ಗದ ಡಾಕ್ಟರು ರಿಪೋರ್ಟ್ ನೋಡಿದರು. ಶುಗರ್ ಬಾರ್ಡರ್‌ನಲ್ಲಿದೆ, ಲಿವರ್‌ನಲ್ಲಿ ಸ್ವಲ್ಪ ಫ್ಯಾಟ್ ಇದೆ ಎಂದರು.

"ನಿಮ್ದು ಬಾಳ ತೂಕ ಏನಲ್ಲ. ಒಂದತ್ತು ಕೆಜಿ ಇಳಿದ್ರೆ ಸಾಕು. ವಾರಕ್ಕೊಂದು ಇಂಜೆಕ್ಷನ್ ಐತೆ, ಹಸಿವು ಕಮ್ಮಿ ಮಾಡುತ್ತೆ. ವಾಕರಿಕೆ ಬರಬಹುದು. ನಿಲ್ಲಿಸಿದ್ರೆ ತೂಕ ಮತ್ತೆ ಏರಬಹುದು."

"ಬೇಕೇ ಬೇಕಾ ಸರ್?"

"ಬೇಕೇ ಬೇಕು ಅಂತೇನಿಲ್ಲ. ಬರ್ಕೊಡ್ತೀನಿ, ನೀವೇ ಯೋಚ್ನೆ ಮಾಡ್ರಿ."

ಬೇಕೇ ಬೇಕು ಎಂದು ಅವರು ಗದರಿಸಿದ್ದರೆ ನನಗೆ ಸಲೀಸಾಗುತ್ತಿತ್ತು. ಕಾಯಿಲೆ ಬಂದವನು ಔಷಧಿ ತಗೊಳ್ಳುತ್ತಾನೆ, ಅದರಲ್ಲಿ ನಾಚಿಕೆ ಏನು? ನನ್ನದು ಬಾಯಿಚಪಲ. ಬಾಯಿ ಕಟ್ಟಲಾರದವನು ಸೂಜಿ ಹಾಕಿಸಿಕೊಳ್ಳುತ್ತಾನೆ ಎಂದು ನನಗೆ ನಾನೇ ಹಂಗಿಸಿಕೊಂಡೆ. ಆದರೂ ಪೆನ್ನಿನ ಆಕಾರದ ಆ ಇಂಜೆಕ್ಷನ್ ತಂದೆ. ಗಿರಿಜಳಿಗೆ ಹೇಳಲಿಲ್ಲ. ಫ್ರಿಜ್‌ನಲ್ಲೇ ಇಡಬೇಕು, ಆದರೆ ಯಾರ ಕಣ್ಣಿಗೂ ಬೀಳಬಾರದು.

ನಮ್ಮ ಫ್ರಿಜ್‌ನಲ್ಲಿ ಯಾರೂ ಮುಟ್ಟದ ಜಾಗ ಒಂದಿತ್ತು. ಹಟ್ಟಿಯಲ್ಲಿ ಕರೆಂಟ್ ನೆಚ್ಚಿಕೊಳ್ಳುವ ಹಾಗಿಲ್ಲ ಎಂದು ಅಣ್ಣ ಕುರಿಗಳ ಲಸಿಕೆಯನ್ನು ನಮ್ಮ ಮನೆಯಲ್ಲಿ ಇಡುತ್ತಾನೆ. ಆ ಥರ್ಮೋಕೋಲ್ ಡಬ್ಬಿಯನ್ನು ಗಿರಿಜ ಅಸಹ್ಯಪಟ್ಟು ಮೂಲೆಗೆ ತಳ್ಳಿರುತ್ತಾಳೆ. ನನ್ನ ಪೆನ್ ಅದರೊಳಗೆ ಹೋಯಿತು. ನಾಳೆ ನಿರ್ಧರಿಸೋಣ, ಈ ಹಬ್ಬ ಕಳೆಯಲಿ ಎಂದು ದಿನ ತಳ್ಳಿದೆ.

ಆಮೇಲೊಂದು ಮಧ್ಯಾಹ್ನ ಬ್ಯಾಂಕಿನಲ್ಲಿದ್ದಾಗ ಅಣ್ಣನ ಫೋನ್ ಬಂತು.

"ಲೇ, ಕುರಿಗೆ ಲಸಿಕೆ ಹಾಕ್ಸಾಣ ಅಂತ ನಿಮ್ಮನೆಯಿಂದ ತಂದ ಡಬ್ಬೀಲಿ ಒಂದು ಪೆನ್ನು ಐತಲ್ಲೋ. ಪಶು ಡಾಕ್ಟ್ರು ನೋಡಿ, ಇದು ಕುರೀದಲ್ಲ, ಮನುಷ್ಯರ್ದು ಅಂತಾರೆ. ಯಾರ್ದು?"

"ಬಂದೆ ಇರಣ್ಣ," ಎಂದು ಫೋನ್ ಇಟ್ಟೆ.

ಆ ವಾರ ಅಣ್ಣ ಊರಾಚೆಯ ತೆಂಗಿನ ತೋಟವೊಂದರಲ್ಲಿ ಗೊಬ್ಬರಕ್ಕೆಂದು ಕುರಿ ಮಂದೆ ತರುಬಿ ನಿಲ್ಲಿಸಿದ್ದ. ಬೈಕ್ ಹತ್ತಿ ಹೋದೆ. ಪಶು ಡಾಕ್ಟರ ಸುತ್ತ ನಾಲ್ಕಾರು ಜನ ಕುರಿಗಾಹಿಗಳು. ಪೆನ್ ಬೈಕಿನ ಸೀಟಿನ ಮೇಲೆ ಬಿಸಿಲಿಗೆ ಬಿದ್ದಿತ್ತು. ಒಬ್ಬ ನಗುತ್ತಾನೆ, ಇನ್ನೊಬ್ಬ ಆಡಿಕೊಳ್ಳುತ್ತಾನೆ ಎಂದು ದಾರಿಯುದ್ದಕ್ಕೂ ಉತ್ತರ ಹೊಂದಿಸಿಕೊಂಡು ಹೋಗಿದ್ದೆ. ಯಾರೂ ನಗಲಿಲ್ಲ. ಅಣ್ಣ ನನ್ನನ್ನು ಮರದ ಮರೆಗೆ ಕರೆದುಕೊಂಡು ಹೋದ. ಅವನ ಕಣ್ಣು ಕೆಂಪಾಗಿತ್ತು.

"ಏನ್ ಕಾಯ್ಲೆನಪ್ಪ ನಿಂಗೆ? ಹಸಿವು ಕಮ್ಮಿ ಮಾಡೋದು ಅಂತ ಡಾಕ್ಟ್ರು ಓದಿ ಹೇಳಿದ್ರು. ಮೇವು ಬಿಟ್ಟ ಕುರಿ ಉಳಿಯಲ್ಲ ಕಣೋ. ಅಂಥಾದ್ದೇನು ಬಂದೈತೆ? ನಮ್ಗೂ ಹೇಳ್ದಂಗೆ ಮುಚ್ಚಿಟ್ಟಿದೀಯಲ್ಲ. ದಾವಣಗೆರೆಗೆ ಹೋಗಾಣ, ದೊಡ್ಡಾಸ್ಪತ್ರೆಗೆ ತೋರಿಸಾಣ."

ಹೇಳಿಕೊಳ್ಳಲು ನನಗೊಂದು ಕಾಯಿಲೆಯೂ ಇರಲಿಲ್ಲ.

"ಏನೂ ಇಲ್ಲಣ್ಣ. ಹೊಟ್ಟೆ ಕರಗ್ಲಿ ಅಂತ."

ಅವನು ನನ್ನ ಮುಖ ನೋಡಿದ, ಹೊಟ್ಟೆ ನೋಡಿದ. "ಅಷ್ಟೇನಾ?" ಎಂದು ಕೇಳಿ ಅಲ್ಲೇ ಬದುವಿನ ಮೇಲೆ ಕುಸಿದು ಕೂತ. ಅವನಿಗೆ ಹೋದ ಜೀವ ಬಂದಿತ್ತು. ನನಗೆ ಮಾತ್ರ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಅವನು ಬೈದಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ನಾನು ಮನೆ ಮುಟ್ಟುವುದರೊಳಗೆ ಸುದ್ದಿ ಮುಟ್ಟಿತ್ತು. "ನನ್ ಹತ್ರಾನೂ ಮುಚ್ಚಿಡೋದಾ?" ಎಂದಷ್ಟೇ ಕೇಳಿ ಗಿರಿಜ ಒಳಗೆ ಹೋದಳು. ನಮ್ಮ ಜೊತೆಗೇ ಇರುವ ಅವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು.

"ಅದನ್ನ ಚುಚ್ಕಂಡ್ರೆ ಹಸಿವಾಗಲ್ವಾ?"

"ಕಮ್ಮಿ ಆಗುತ್ತಂತೆ."

"ವಾರಗಟ್ಲೆ?"

"ಹ್ಞೂಂ ಅವ್ವ."

ಅವಳು ಕೋಪವಿಲ್ಲದೆ, ಯಾರದೋ ಮನೆ ಮಾತಿನಂತೆ ಹೇಳಿದಳು.

"ನೀವು ಸಣ್ಣೋರಿದ್ದಾಗ ಇದು ಇದ್ದಿದ್ರೆ ನಾನೇ ಚುಚ್ಕಂತಿದ್ದೆ ಕಣಪ್ಪ. ಇರೋ ಮುದ್ದೇನ ನಿಮ್ಮಿಬ್ರಿಗೆ ಇಕ್ಕಿ, ನೀವು ಉಂಬೋದನ್ನ ನೋಡ್ತಾ ಕುಂತ್ಕಳೋದು ಬಾಳ ಕಷ್ಟ ಆಗೋದು."

ನಾನು ಅತ್ತೆ. ನಲವತ್ತೇಳರ ಗಂಡಸು, ಪ್ಯಾಂಟು ಶರ್ಟು ಹಾಕಿಕೊಂಡು, ಅವ್ವನ ಮುಂದೆ ಕೂತು ಅತ್ತೆ. ನಾವು ಉಂಡ ಮೇಲೆ ಅವಳೂ ಉಣ್ಣುತ್ತಿದ್ದಳು ಎಂದೇ ನಾನು ಇಲ್ಲಿಯವರೆಗೂ ನಂಬಿದ್ದೆ.

ಆವತ್ತೇ ಔಷಧಿಯ ಆಸೆ ಬಿಟ್ಟೆ, ಮಿತವಾಗಿ ಉಂಡು ತೂಕ ಇಳಿಸಿದೆ ಎಂದು ಬರೆದರೆ ಓದಲು ಚೆಂದ. ಹಾಗಾಗಲಿಲ್ಲ. ಅತ್ತವನು ಆ ಸಂಜೆಯೂ ಎರಡು ಮುದ್ದೆ ಉಂಡೆ. ನಾಚಿಕೆಯಿಂದ ಹೊಟ್ಟೆ ಕರಗುವುದಾಗಿದ್ದರೆ ನನ್ನದು ಎಂದೋ ಕರಗಬೇಕಿತ್ತು. "ಬೇಕಾದ್ರೆ ಹಾಕಿಸ್ಕ, ಕದ್ದು ಮಾತ್ರ ಬ್ಯಾಡ," ಅಂದಳು ಅವ್ವ. ಗಿರಿಜಳನ್ನು ಕರೆದುಕೊಂಡು ಮತ್ತೆ ಚಿತ್ರದುರ್ಗಕ್ಕೆ ಹೋದೆ. ಬಿಸಿಲಿಗೆ ಬಿದ್ದ ಪೆನ್ ಬಳಸಬೇಡಿ ಎಂದು ಡಾಕ್ಟರು ಹೊಸದು ಬರೆದುಕೊಟ್ಟರು. ಎಷ್ಟು ಕಾಲ ತಗೊಳ್ಳಬೇಕು, ನಿಲ್ಲಿಸಿದ ಮೇಲೆ ಏನು ಎಂಬುದನ್ನೆಲ್ಲ ಗಿರಿಜಳೇ ಕೇಳಿದಳು. ಕೆಲವಕ್ಕೆ ಡಾಕ್ಟರ ಬಳಿಯೂ ಖಚಿತ ಉತ್ತರವಿರಲಿಲ್ಲ.

ಶುರು ಮಾಡಿದ್ದೇನೆ. ಮೊದಲ ವಾರಗಳಲ್ಲಿ ವಾಕರಿಕೆ ಬಂತು, ಈಗ ಕಡಿಮೆ. ಪ್ಯಾಂಟು ಸ್ವಲ್ಪ ಸಡಿಲವಾಗಿದೆ. ಮುಂದೆ ಹೇಗೋ ಗೊತ್ತಿಲ್ಲ. ನಾಚಿಕೆ ಪೂರ್ತಿ ಹೋಗಿಲ್ಲ, ಹೋಗುವುದೂ ಬೇಡವೇನೋ.

ರಾತ್ರಿ ಅವ್ವ, ನಾನು ಜೊತೆಗೇ ಊಟಕ್ಕೆ ಕೂರುತ್ತೇವೆ. ಅರ್ಧ ಮುದ್ದೆಗೇ ನನ್ನ ಕೈ ನಿಲ್ಲುತ್ತದೆ.

"ಸಾಕಾತಾ?" ಅನ್ನುತ್ತಾಳೆ.

"ಸಾಕಾತವ್ವ."

ನನಗೆ ಸಾಕಾದ ಮೇಲೂ ನಾನು ಏಳುವುದಿಲ್ಲ. ಅವ್ವ ಸಾರಿನಲ್ಲಿ ಮುದ್ದೆ ಹೊರಳಿಸಿ ನಿಧಾನವಾಗಿ ಉಣ್ಣುತ್ತಾಳೆ. ನಾನು ನೋಡುತ್ತಾ ಕೂರುತ್ತೇನೆ.